ಏಳನೇ ಬಾಕ್ಸು

"ಯಾವಳೇ ಅದು ಕೆಮ್ಮಿದ್ದು? ಇನ್ನೊಂದ್ ಸಲ ಕೆಮ್ಮಿದ್ರೆ ಬಾಯಿಗೆ ಬಟ್ಟೆ ತುರುಕ್ತೀನಿ ನೋಡು!"

ಇಂಜಿನಿಯರು ಕೂಗಿದ ರಭಸಕ್ಕೆ ಖಾಲಿ ಸಭಾಂಗಣವೂ ಒಂದು ಸಲ ಅದನ್ನೇ ತಿರುಗಿ ಕೂಗಿತು. ಯಾವಳೆಂದು ಅವನಿಗೆ ಗೊತ್ತಿಲ್ಲದೆ ಇರಲಿಲ್ಲ. ಅಲ್ಲಿದ್ದ ಹದಿನಾಲ್ಕು ಜನರಲ್ಲಿ ಹೆಂಗಸು ಎಂದರೆ ನಮ್ಮಕ್ಕ ಒಬ್ಬಳೇ. ಅವಳು ತಲೆಗೆ ಕಟ್ಟಿದ್ದ ಬಟ್ಟೆ ಬಿಚ್ಚಿ ಬಾಯಿಗೆ ಒತ್ತಿಕೊಂಡು, ಬಗ್ಗಿ, ಸದ್ದಿಲ್ಲದೆ ಕೆಮ್ಮುತ್ತಿದ್ದಳು. ಸದ್ದಿಲ್ಲದೆ ಕೆಮ್ಮಲು ಎಷ್ಟು ಬಲ ಬೇಕೆಂಬುದು ಪಕ್ಕದಲ್ಲಿ ನಿಂತು ನೋಡಿದವರಿಗೇ ಗೊತ್ತು.

ಇಂಜಿನಿಯರ ಕೈಯಲ್ಲಿದ್ದ ಟ್ಯಾಬು ಮಾತ್ರ ಸಿಟ್ಟಾಗಲಿಲ್ಲ. "ಹಿನ್ನೆಲೆಯಲ್ಲಿ ಸದ್ದು ಇದೆ. ಈ ಅಳತೆ ಸರಿಯಾಗಿಲ್ಲ. ದಯವಿಟ್ಟು ಮೌನವಾಗಿರಿ, ಮತ್ತೊಮ್ಮೆ ಅಳೆಯೋಣ" ಎಂದಿತು. ಮೂವತ್ತು ವರ್ಷದಿಂದ ಈ ಕೆಲಸದಲ್ಲಿದ್ದೇನೆ. 'ದಯವಿಟ್ಟು' ಎಂಬ ಮಾತನ್ನು ಕೇಳಿದ್ದು ಆ ಟ್ಯಾಬಿನ ಬಾಯಲ್ಲಿ ಮಾತ್ರ.

ಬೆಳಗಿನಿಂದ ಇದೇ ಪಾಡು. ಹೊಸ ಸಭಾಂಗಣ, ಎರಡು ಸಾವಿರ ಕುರ್ಚಿ. ವೇದಿಕೆಯ ಎಡಕ್ಕೊಂದು ಬಲಕ್ಕೊಂದು, ಮುಂದಿನ ಕುರ್ಚಿಗಳ ನೆತ್ತಿಯ ಮೇಲೆ, ಎಂಟೆಂಟು ಸ್ಪೀಕರ್ ಬಾಕ್ಸುಗಳ ಎರಡು ಸಾಲುಗಳನ್ನು ಮೇಲಿಂದ ಸರಪಳಿಯಲ್ಲಿ ಇಳಿಬಿಟ್ಟಿದ್ದೆವು. ಅವು ಎಲ್ಲ ಕುರ್ಚಿಗೂ ಒಂದೇ ಸಮ ಕೇಳುವಂತೆ ಹದ ಮಾಡುವುದು ಈಗ ಮನುಷ್ಯರ ಕೆಲಸವಲ್ಲ, ಎಐ ಮಿಷನ್ನಿನದು. ಪೆನ್ಸಿಲ್ಲಿನಷ್ಟು ತೆಳ್ಳನೆಯ ಮೈಕನ್ನು ಒಂಬತ್ತು ಜಾಗದಲ್ಲಿ ಒಂದೊಂದಾಗಿ ನಿಲ್ಲಿಸಬೇಕು. ಒಂದೊಂದು ಜಾಗದಲ್ಲೂ ಬಾಕ್ಸುಗಳಿಂದ ಗುಂಯ್ ಎಂದು ಶುರುವಾಗಿ ಕೀಂ ಎಂದು ಮುಗಿಯುವ ಸದ್ದು ಬರುತ್ತದೆ. ಅದು ಮುಗಿಯುವವರೆಗೆ ಯಾರೂ ಅಲ್ಲಾಡಕೂಡದು, ಸೀನಕೂಡದು, ಚಪ್ಪಲಿ ಉಜ್ಜಕೂಡದು. ನಡುವೆ ಒಂದು ಕೆಮ್ಮು ಬಿದ್ದರೂ ಮಿಷನ್ನು ಆ ಅಳತೆಯನ್ನು ಬಿಸಾಡುತ್ತದೆ.

ಅಕ್ಕನಿಂದ ಮೂರು ಅಳತೆ ಹಾಳಾಗಿದ್ದವು.

"ಹೊರಗೆ ಹೋಗು. ಲಾರಿ ಹತ್ರ ನಿಂತ್ಕೋ. ಕರೆದಾಗ ಬಂದ್ರೆ ಸಾಕು" ಎಂದ ಇಂಜಿನಿಯರು.

"ಬಿಸಿಲಿದೆ ಸಾರ್ ಅಲ್ಲಿ. ಬಾಗ್ಲ ಹತ್ರಾನೇ ಇರ್ತಾಳೆ" ಎಂದೆ ನಾನು.

"ನಿನ್ನ ಕೇಳಿದ್ನಾ? ಸ್ಟ್ಯಾಂಡ್ ಹಿಡ್ಕೊಂಡು ನಿಂತ್ಕೋ ಅಂದ್ರೆ ನಿಂತ್ಕೊಳ್ಳೋ, ಕಿವಿ."

ಕಿವಿ ಎಂಬುದು ನನ್ನ ಅಡ್ಡಹೆಸರು. ಅದು ಬೈಗುಳವಾಗಿದ್ದು ಇತ್ತೀಚೆಗೆ.

ಮೊದಲು ಹಾಗಿರಲಿಲ್ಲ. ಸ್ಪೀಕರ್ ರಿಪೇರಿಯ ನಮ್ಮ ಗೋದಾಮಿಗೆ ಕೆಟ್ಟ ಬಾಕ್ಸು ಬಂದರೆ ಧಣಿಯೇ "ಕಿವೀನ ಕರೀರೋ" ಅನ್ನುತ್ತಿದ್ದ. ನಾನು ಬೆರಳ ಗೆಣ್ಣಿನಿಂದ ಅದರ ಬೆನ್ನಿಗೆ ತಟ್ಟುತ್ತಿದ್ದೆ, ಬಾಯಿ ಹತ್ತಿರ ಹೋಗಿ 'ಹೂಂ' ಎಂದು ಗುನುಗುತ್ತಿದ್ದೆ, ಏನಾಗಿದೆ ಎಂದು ಹೇಳುತ್ತಿದ್ದೆ. ಇದಕ್ಕೆ ಒಳಗಿನ ಕಾಗದದ ಕೋನು ಹರಿದಿದೆ. ಇದಕ್ಕೆ ವೈರು ಬಿಟ್ಟಿದೆ. ಇದಕ್ಕೆ ನೆಗಡಿ ಬಂದಿದೆ, ಅಂದರೆ ಒಳಗೆ ತೇವ ಕೂತಿದೆ. ಹೋದ ವರ್ಷ ಈ ಇಂಜಿನಿಯರು ಟ್ಯಾಬು ಹಿಡಿದುಕೊಂಡು ಬಂದ. "ಮಿಷನ್ನಿಗೆ ನಿನ್ನ ಕಿವಿ ಕಲಿಸ್ಬೇಕಪ್ಪ" ಎಂದು ಹೆಗಲ ಮೇಲೆ ಕೈ ಹಾಕಿದ. ನನಗೂ ಹಿಗ್ಗು, ಸುಳ್ಳೇಕೆ ಹೇಳಲಿ. ಮೂರು ತಿಂಗಳು ದಿನಕ್ಕೆ ಇನ್ನೂರು ಸದ್ದು ಕೇಳಿದೆ. ಬಾಕ್ಸು ಸದ್ದು ಮಾಡುತ್ತದೆ, ಮಿಷನ್ನೂ ಕೇಳಿಸಿಕೊಳ್ಳುತ್ತದೆ, ನಾನೂ ಕೇಳಿಸಿಕೊಂಡು ಗಾಜಿನ ಮೇಲೆ ಒಂದು ಬಟನ್ ಒತ್ತಬೇಕು. ಇದ್ದದ್ದು ನಾಲ್ಕೇ ಬಟನ್: ಕಾಯಿಲ್, ಕೋನು, ವೈರು, ಮರದ ಪೆಟ್ಟಿಗೆ.

ಒಂದು ಮಧ್ಯಾಹ್ನ ಒಂದು ಬಾಕ್ಸು ಟರ್‌ರ್ ಎಂದಿತು. ಅದು ಆ ನಾಲ್ಕರಲ್ಲಿ ಯಾವುದೂ ಆಗಿರಲಿಲ್ಲ. ಬಾಕ್ಸನ್ನು ಎತ್ತುವ ಕಬ್ಬಿಣದ ಹಿಡಿ ಸಡಿಲವಾಗಿ ನಡುಗುತ್ತಿತ್ತು.

"ಸಾರ್, ಇದು ಹಿಡಿ ಸದ್ದು. ಇದಕ್ಕೆ ಬಟನ್ ಇಲ್ಲ."

"ಇರೋದ್ರಲ್ಲಿ ಹತ್ರದ್ದು ಒತ್ತು."

"ಯಾವ್ದೂ ಹತ್ರ ಇಲ್ಲ ಸಾರ್. ಗೊತ್ತಿಲ್ಲ ಅನ್ನೋದಕ್ಕಾದ್ರೂ ಒಂದ್ ಬಟನ್ ಹಾಕಿ."

"ಗೊತ್ತಿಲ್ಲ ಅನ್ನೋಕೆ ನಿನಗ್ಯಾಕೋ ಸಂಬಳ ಕೊಡ್ಬೇಕು? ಟರ್ ಅನ್ನೋದನ್ನೆಲ್ಲ ಕಾಯಿಲ್‌ಗೆ ಒತ್ತು. ಇನ್ನೂ ಎಂಬತ್ತಿದೆ, ಮುಗಿಸ್ದೆ ಟೀ ಇಲ್ಲ."

ಒತ್ತಿದೆ. ಅವತ್ತಿಂದ ಕಬ್ಬಿಣ ನಡುಗಿದಾಗಲೆಲ್ಲ ಕಾಯಿಲ್ ಎಂದೇ ಒತ್ತಿದೆ. ಎಷ್ಟು ಸಲವೋ ಲೆಕ್ಕವಿಲ್ಲ. ಮೂರು ತಿಂಗಳು ಮುಗಿದ ಮೇಲೆ ಮಿಷನ್ನಿಗೆ ಕಿವಿ ಬಂತು, ನನ್ನ ತಲೆಗೆ ಸಿಂಬೆ ಬಂತು. ಐವತ್ತೆರಡನೇ ವಯಸ್ಸಿನಲ್ಲಿ ಲಾರಿಯಿಂದ ಬಾಕ್ಸು ಇಳಿಸುವ ಕೂಲಿಯಾದೆ.

*

ಅಕ್ಕ ಹೊರಗೆ ಹೋದ ಮೇಲೆ ಐದು ಅಳತೆ ಸರಾಗವಾಗಿ ಆದವು. ಆರನೆಯದರಲ್ಲಿ ಎಡಗಡೆ ಸಾಲಿನಿಂದ ಟರ್‌ರ್ ಎಂಬ ಸದ್ದು ಬಂತು. ಸಣ್ಣದು. ಗುಂಯ್ ಎನ್ನುವ ತಗ್ಗಿನ ಸದ್ದು ಹಾಯುವಾಗ ಮಾತ್ರ ಬಂದು ಹೋಯಿತು. ಅದು ಕಬ್ಬಿಣ.

ಟ್ಯಾಬು ಹೇಳಿತು: "ಎಡ ಸಾಲು, ಮೇಲಿನಿಂದ ಏಳನೇ ಬಾಕ್ಸು. ಕಾಯಿಲ್ ಉಜ್ಜುತ್ತಿರುವ ಸಾಧ್ಯತೆ ನೂರಕ್ಕೆ ಎಪ್ಪತ್ತೆಂಟು."

ಅಷ್ಟು ಹೊತ್ತಿಗೆ ಧಣಿ ಬಂದಿದ್ದ. ಜೊತೆಯಲ್ಲಿ ಸಭಾಂಗಣ ಕಟ್ಟಿಸಿದ ಸಮಿತಿಯ ಅಧ್ಯಕ್ಷರು. ಮಿಷನ್ನು ಹೇಗೆ ಅಳೆಯುತ್ತದೆಂದು ತೋರಿಸಲು ಧಣಿಯೇ ಅವರನ್ನು ಕರೆತಂದಿದ್ದ. ತೋರಿಸುವ ಹೊತ್ತಿಗೇ ಮಿಷನ್ನು ಅವನ ಮಾನ ತೆಗೆದಿತ್ತು. ಧಣಿಯ ಮುಖ ಕೆಂಪಾಯಿತು. ಸಿಟ್ಟು ಬಂದರೆ ಅವನ ದನಿ ಕೀಚಲಾಗುತ್ತದೆ.

"ಕಾಯಿಲ್ ಕೂರಿಸಿದ್ಯಾರೋ?"

ಗೋದಾಮಿನಲ್ಲಿ ಕಾಯಿಲ್ ಕೂರಿಸುವವರು ಒಬ್ಬರೇ ಎಂದು ಎಲ್ಲರಿಗಿಂತ ಚೆನ್ನಾಗಿ ಗೊತ್ತಿದ್ದವನು ಅವನೇ.

"ಕರೀರಿ ಆ ಮುಂಡೇನ!"

ಅಕ್ಕ ಬಂದಳು. ಬಿಸಿಲಿನಲ್ಲಿ ನಿಂತು ಮುಖ ಕಪ್ಪಿಟ್ಟಿತ್ತು. ಕೈಯಲ್ಲಿ ರಿಪೇರಿ ಚೀಲವಿತ್ತು. ಯಾವುದಾದರೂ ಬಾಕ್ಸು ಕೈಕೊಟ್ಟರೆ ಅಲ್ಲಿಯೇ ಸರಿಮಾಡಲೆಂದು ಅವಳನ್ನು ಕರೆತಂದಿದ್ದರು. ಧಣಿ ಅವಳ ಕೈಯಿಂದ ಚೀಲ ಕಿತ್ತು ನೆಲಕ್ಕೆ ಸುರಿದ. ಅಂಟಿನ ಡಬ್ಬಿ, ಕುಂಚ, ಬ್ಲೇಡು, ಒಂದು ಸ್ಟೀಲ್ ಲೋಟ, ಒಂದು ಕಟ್ಟು ಎಕ್ಸ್‌ರೇ ಹಾಳೆಯ ಪಟ್ಟಿಗಳು ಉರುಳಿದವು.

"ಕೈ ತೋರ್ಸು."

ಅಕ್ಕ ಕೈ ಚಾಚಿದಳು. ಬೆರಳ ತುದಿಯಲ್ಲಿ ಒಣಗಿದ ಅಂಟು ಎರಡನೇ ಚರ್ಮವಾಗಿ ಕೂತಿತ್ತು.

"ನೋಡಿ ಅಧ್ಯಕ್ಷರೇ, ಇಂಥ ಕೈಗೆ ಕೆಲ್ಸ ಕೊಟ್ಟೆ. ಗಂಡ ಸತ್ತಿದ್ದಾನೆ ಪಾಪ ಅಂತ ಅವನ ಜಾಗದಲ್ಲಿ ಕೂರಿಸ್ದೆ. ನನ್ನ ಅನ್ನ ತಿಂದು ನನ್ನ ಮಾನ ಕಳೆದ್ಲು."

"ನಾನ್ ಕೂರ್ಸಿದ್ ಕಾಯಿಲ್ ಉಜ್ಜಲ್ಲ ಧಣಿ" ಎಂದಳು ಅಕ್ಕ. ಮೆಲ್ಲಗೆ ಅಂದಳು, ಆದರೆ ಅಂದಳು.

"ಮಿಷನ್ ಸುಳ್ಳು ಹೇಳುತ್ತಾ? ನಿನಗಿಂತ ಮಿಷನ್ ದಡ್ಡಾನಾ? ಏಯ್, ವೇದಿಕೆ ಮೇಲಿರೋ ಆ ಮೈಕ್ ಆನ್ ಮಾಡ್ರೀ." ಅವಳ ರಟ್ಟೆ ಹಿಡಿದು ವೇದಿಕೆಗೆ ಎಳೆದ. "ತಪ್ಪು ನಂದು ಅಂತ ಮೈಕಲ್ಲಿ ಹೇಳು. ಎಲ್ರಿಗೂ ಕೇಳಿಸ್ಲಿ. ಹೇಳಿ ಚೀಲ ಎತ್ಕೊಂಡ್ ನಡೀ. ಸಾಯಂಕಾಲದೊಳಗೆ ಗೋದಾಮಿನ ಹಿಂದಿನ ಕೋಣೆ ಖಾಲಿ ಆಗಿರ್ಬೇಕು."

ಆ ಕೋಣೆಯಲ್ಲಿ ಅಂಟಿನ ವಾಸನೆ ಬಿಟ್ಟರೆ ಬೇರೇನಿಲ್ಲ. ಆದರೆ ಅಕ್ಕ ಮಲಗುವುದು, ಅಡುಗೆ ಮಾಡುವುದು, ಬದುಕುವುದು ಅಲ್ಲೇ. ಭಾವ ಸತ್ತದ್ದೂ ಅಲ್ಲೇ.

ಹದಿಮೂರು ಗಂಡಸರು ನಿಂತು ನೋಡಿದೆವು. ನನ್ನ ಕೈಯಲ್ಲಿ ಅಳತೆಯ ಮೈಕಿನ ಸ್ಟ್ಯಾಂಡು ಇತ್ತು. ಅದನ್ನು ಹಿಡಿದುಕೊಂಡೇ ಇದ್ದೆ. ನನಗೆ ನಾಚಿಕೆಯಾಯಿತು, ಆದರೂ ಹಿಡಿದುಕೊಂಡೇ ಇದ್ದೆ.

ಅಕ್ಕ ಮೈಕಿನ ಮುಂದೆ ಬಾಯಿ ತೆರೆದಳು. "ತಪ್ಪು..." ಎನ್ನುವಷ್ಟರಲ್ಲಿ ಕೆಮ್ಮು ಬಂತು. ತಡೆದು ತಡೆದು ಇಟ್ಟಿದ್ದ ಕೆಮ್ಮು. ಹದಿನಾರು ಬಾಕ್ಸುಗಳಲ್ಲಿ ಆ ಕೆಮ್ಮು ಗುಡುಗಿತು, ಎರಡು ಸಾವಿರ ಕುರ್ಚಿಗೂ ಒಂದೇ ಸಮ ಕೇಳಿತು. ಅಧ್ಯಕ್ಷರು ಕಿವಿ ಮುಚ್ಚಿಕೊಂಡರು. ನಾನು ಮುಚ್ಚಿಕೊಳ್ಳಲಿಲ್ಲ. ಅವಳ ಕೆಮ್ಮು ಎದೆಯ ತಳದಿಂದ ಬರುವಂಥದ್ದು, ತಗ್ಗಿನ ಸದ್ದು. ಅದರ ಬಾಲಕ್ಕೆ ಮೇಲಿನಿಂದ ಟರ್‌ರ್ ಎಂದು ಉತ್ತರ ಬಂತು. ಏಳನೇ ಬಾಕ್ಸಿನಿಂದಲ್ಲ. ಅದನ್ನು ಆರನೆಯದಕ್ಕೆ ಕಟ್ಟಿದ ಕೀಲಿನಿಂದ.

"ತಪ್ಪು ನಂದು" ಎಂದಳು ಅಕ್ಕ. ಇಳಿದು ಬಂದು ನೆಲದ ಮೇಲಿದ್ದ ಪಟ್ಟಿಗಳನ್ನು ಒಂದೊಂದಾಗಿ ಹೆಕ್ಕಿಕೊಂಡಳು.

*

ಊಟದ ಹೊತ್ತಿಗೆ ಲಾರಿಯ ನೆರಳಿನಲ್ಲಿ ಕೂತಿದ್ದಳು. ಅಳುತ್ತಿರಲಿಲ್ಲ. ಬಾಟಲಿಯ ಬಿಸಿನೀರು ಗುಟುಕರಿಸುತ್ತಿದ್ದಳು.

"ಕಾಯಿಲ್ ಅಲ್ಲಕ್ಕ ಅದು" ಎಂದೆ.

"ನನಗೆ ಹೇಳ್ತೀಯೇನೋ? ಅಲ್ಲಿ ಹೇಳೋಕೆ ನಿನ್ನ ನಾಲಿಗೆಗೆ ಏನಾಗಿತ್ತು?"

ಅವಳು ಆ ಪಟ್ಟಿಯ ಕಟ್ಟನ್ನು ನನ್ನ ಮುಂದೆ ಹಿಡಿದಳು. ಸ್ಪೀಕರಿನ ನಡುವೆ ತಾಮ್ರದ ಕಾಯಿಲ್ ಕೂರಿಸುವಾಗ ಸುತ್ತಲೂ ಕೂದಲೆಳೆಯಷ್ಟು ಜಾಗ ಬಿಡಬೇಕು. ಅಂಟು ಒಣಗುವವರೆಗೆ ಆ ಸಂದಿಗೆ ತೆಳ್ಳನೆಯ ಪಟ್ಟಿ ಸಿಕ್ಕಿಸಿ ಒಂದು ದಿನ ಬಿಟ್ಟು, ಆಮೇಲೆ ಪಟ್ಟಿ ಕಿತ್ತು, ಕೋನಿನ ನಡುವಿಗೆ ಟೊಪ್ಪಿ ಅಂಟಿಸಿ, ಅದು ಕೂರುವವರೆಗೆ ಮೇಲೆ ಲೋಟ ಕವುಚಬೇಕು. ಪಟ್ಟಿ ತರಿಸಿಕೊಡಿ ಎಂದು ಕೇಳಿದ್ದಕ್ಕೆ ಧಣಿ, ಮನೆಯಲ್ಲಿರೋ ಯಾವುದಾದರೂ ಹಾಳೆ ಕತ್ತರಿಸಿಕೋ ಅಂದಿದ್ದ. ಅಕ್ಕನ ಮನೆಯಲ್ಲಿದ್ದ ಹಾಳೆ ಭಾವನ ಎದೆಯ ಎಕ್ಸ್‌ರೇ ಒಂದೇ. ಅದೇ ಕೋಣೆಯಲ್ಲಿ ಅದೇ ಅಂಟಿನ ಗಾಳಿ ಕುಡಿದು ಹಾಳಾದ ಎದೆ. ಅದನ್ನೇ ಕತ್ತರಿಸಿಕೊಂಡಳು.

"ನಿಮ್ಮ ಭಾವನ ಪಕ್ಕೆಲುಬು ಇಟ್ಟು ಸೆಂಟರ್ ಮಾಡಿದೀನಿ ಕಣೋ, ಬಾಕ್ಸಿಗೆರಡರ ಹಾಗೆ ಮೂವತ್ತೆರಡನ್ನೂ. ಒಂದಾದ್ರೂ ಉಜ್ಜಿದ್ರೆ ನನ್ನ ಬೆರಳು ಕತ್ತರಿಸ್ಕೊಳ್ತೀನಿ. ಸಾಲು ಇಳಿಸಿ, ಏಳನೇದನ್ನ ಬಿಚ್ಚಿ ನೋಡ್ಲಿ. ಇಷ್ಟೇ ನಾನ್ ಕೇಳೋದು. ಬಿಚ್ಚಿ ನೋಡಿ ಆಮೇಲೆ ಆಚೆಗ್ ಹಾಕ್ಲಿ."

ಪಕ್ಕದಲ್ಲಿ ಒಂಟೆ ಕೂತಿದ್ದ. ಉದ್ದನೆಯ ಆಳು, ಮೇಲೆ ಹತ್ತಿ ಸಾಲು ಕಟ್ಟುವವನು ಅವನು. ಬುತ್ತಿ ಬಿಚ್ಚಿ ಕೂತವನು ಒಂದು ತುತ್ತೂ ತಿಂದಿರಲಿಲ್ಲ.

"ಕಿವಿಯಣ್ಣ, ನಿನಗೆ ಏನ್ ಕೇಳಿಸ್ತು?"

"ಆರಕ್ಕೂ ಏಳಕ್ಕೂ ನಡುವಿನ ಕೀಲು."

ಅವನು ಬುತ್ತಿ ಮುಚ್ಚಿದ. ಸುತ್ತಮುತ್ತ ನೋಡಿದ.

"ಆ ಕೀಲಿಗೆ ಹಾಕೋ ಪಿನ್ನು ಒಂದು ಕಮ್ಮಿ ಇತ್ತಣ್ಣ. ಮೊನ್ನೆ ಸಾಲು ಎತ್ತೋವಾಗಲೇ ಧಣಿಗೆ ಹೇಳ್ದೆ, ಪಿನ್ ಬರೋವರ್ಗೂ ಬೇಡ ಅಂತ. ಬೋಲ್ಟ್ ಹಾಕೋ ಬೋಳಿಮಗನೆ, ಯಾವನ್ ನೋಡ್ತಾನೆ ಮೇಲೆ ಅಂದ್ರು. ಬೋಲ್ಟು ತೂತಿಗಿಂತ ಸಣ್ಣ. ಆಡುತ್ತೆ."

"ಅಕ್ಕನ್ನ ಎಳೆದಾಡೋವಾಗ ಯಾಕೋ ಹೇಳ್ಲಿಲ್ಲ?"

"ನೀನ್ಯಾಕೆ ಹೇಳ್ಲಿಲ್ಲ?"

ಅಕ್ಕ ನಮ್ಮಿಬ್ಬರನ್ನೂ ನೋಡಿದಳು. "ಚೆನ್ನಾಗಿದೀರ ಇಬ್ರೂ" ಎಂದು ಬಾಟಲಿಯ ಮುಚ್ಚಳ ತಿರುಗಿಸಿದಳು.

*

ಇಂಜಿನಿಯರು ವೇದಿಕೆಯ ಅಂಚಿನಲ್ಲಿ ಕೂತು ಟ್ಯಾಬಿನ ಮೇಲೆ ಬೆರಳಾಡಿಸುತ್ತಿದ್ದ. ಧಣಿ, ಅಧ್ಯಕ್ಷರು ಊಟಕ್ಕೆ ಹೋಗಿದ್ದರು.

"ಸಾರ್, ಆ ಸದ್ದು ಕಬ್ಬಿಣದ್ದು. ಅವತ್ತು ಹಿಡಿ ಸದ್ದಿಗೆ ಬಟನ್ ಇಲ್ಲ ಅಂದೆ, ಕಾಯಿಲ್ ಒತ್ತು ಅಂದ್ರಿ ನೀವು. ಮಿಷನ್ ಈಗ ಹೇಳ್ತಿರೋದು ಅದನ್ನೇ. ಅದರ ತಪ್ಪಲ್ಲ. ನಾನು ಒತ್ತಿದ್ದು, ನೀವು ಒತ್ತಿಸಿದ್ದು."

ಅವನು ತಲೆಯೆತ್ತಲಿಲ್ಲ. "ಅಂದ್ರೆ ಮೂರು ತಿಂಗಳು ಸಂಬಳ ತಗೊಂಡು ಸುಳ್ಳು ಕಲ್ಸಿದೀಯ. ಧಣಿಗೆ ಹೇಳ್ಲಾ?"

"ಹೇಳಿ ಸಾರ್. ಹೇಳಿ, ಸಾಲು ಇಳಿಸಿ."

"ಇಳಿಸಿ, ಬಿಚ್ಚಿ, ಮತ್ತೆ ಏರಿಸೋಕೆ ಒಂದು ದಿನ ಬೇಕು. ಸಾಯಂಕಾಲ ರಿಪೋರ್ಟ್ ಕೊಡ್ಬೇಕು ನಾನು. ಬೇಕಾಗಿಲ್ಲ ಅದೆಲ್ಲ. ಆ ಟರ್ ಬರೋದು ಒಂದೇ ಸ್ವರಕ್ಕೆ. ಆ ಸ್ವರಾನ ತಗ್ಗಿಸ್ಬಿಡು ಅಂತ ಮಿಷನ್ನಿಗೆ ಹೇಳ್ತೀನಿ. ಮುಗೀತು. ಕೇಳೋದೇ ಇಲ್ಲ."

"ಕೇಳದೆ ಹೋದ್ರೆ ಬೋಲ್ಟು ಗಟ್ಟಿಯಾಗುತ್ತಾ ಸಾರ್?"

ಬೋಲ್ಟು ಎಂದದ್ದು ಬಾಯಿ ತಪ್ಪಿ. ಅವನ ಬೆರಳು ನಿಂತಿತು. ಅವನಿಗೂ ಗೊತ್ತಿತ್ತೋ ಏನೋ, ನನಗೆ ತಿಳಿಯಲಿಲ್ಲ. ನಾನು ಅವನನ್ನು ಬಿಟ್ಟು ಟ್ಯಾಬಿನ ಕಡೆ ಬಗ್ಗಿ ಅದನ್ನೇ ಕೇಳಿದೆ. ಮೂರು ತಿಂಗಳು ಅದರ ಜೊತೆ ಕಳೆದವನು ನಾನು, ಅದಕ್ಕೆ ಹೇಗೆ ಕೇಳಬೇಕೆಂದು ಗೊತ್ತು.

"ಏಳನೇ ಬಾಕ್ಸಿನ ಸದ್ದು ಕಾಯಿಲ್ ಅಲ್ದೆ ಬೇರೆ ಏನಾದ್ರೂ ಆಗಿರ್ಬಹುದಾ?"

"ಆಗಿರಬಹುದು" ಎಂದಿತು ಟ್ಯಾಬು, ಅದೇ ಸಮಾಧಾನದ ದನಿಯಲ್ಲಿ. "ತೂಗುಹಾಕಿರುವ ಕಬ್ಬಿಣದ ಭಾಗ ಸಡಿಲವಾಗಿದ್ದರೂ ಇಂಥ ಸದ್ದು ಬರುತ್ತದೆ. ಕಬ್ಬಿಣದ್ದು ಎಂದು ಗುರುತಿಸಿಕೊಟ್ಟ ಸದ್ದು ನನಗೆ ಒಂದೂ ಸಿಕ್ಕಿಲ್ಲ, ಹಾಗಾಗಿ ನನ್ನ ಊಹೆ ತಪ್ಪಿರಬಹುದು. ಆ ಸ್ವರವನ್ನು ತಗ್ಗಿಸುವ ಮೊದಲು ಸಾಲನ್ನು ಇಳಿಸಿ ಕಣ್ಣಿನಿಂದ ನೋಡುವುದು..."

ಇಂಜಿನಿಯರು ಅದರ ಬಾಯಿ ಮುಚ್ಚಿಸಿದ. ನನಗೆ ನಗು ಬಂತು. ನಾವು ಮಾತಾಡಿದರೂ ಬಾಯಿ ಮುಚ್ಚಿಸುತ್ತಾರೆ, ಅವರು ತಂದ ಮಿಷನ್ನು ಮಾತಾಡಿದರೂ ಮುಚ್ಚಿಸುತ್ತಾರೆ.

"ನಗ್ತೀಯೇನೋ ಲೋಫರ್? ಸ್ಟ್ಯಾಂಡ್ ಹಿಡ್ಕೋ ಹೋಗು. ಮೂರು ಅಳತೆ ಬಾಕಿ ಇದೆ. ಅದಾದ್ಮೇಲೆ ನೀನೂ ನಿಮ್ಮಕ್ಕನ ಹಿಂದೆ ನಡೀಬಹುದು."

*

ಊಟ ಮುಗಿಸಿಕೊಂಡು ಧಣಿಯೂ ಅಧ್ಯಕ್ಷರೂ ಬಂದು ಮುಂದಿನ ಸಾಲಿನಲ್ಲಿ ಕೂತರು. ನಾನು ಏಳನೇ ಜಾಗದಲ್ಲಿ ಮೈಕು ನಿಲ್ಲಿಸಿದೆ. ಉಳಿದವರು ಗೋಡೆಯ ಪಕ್ಕಕ್ಕೆ ಸಾಲಾಗಿ ನಿಂತರು. ಅಕ್ಕ ಒಳಗಿರಲಿಲ್ಲ. ಬಾಗಿಲು ಮುಚ್ಚಿತು.

"ಎಲ್ಲರೂ ಮೌನವಾಗಿರಿ. ಅಳತೆ ಶುರುವಾಗುತ್ತದೆ" ಎಂದಿತು ಟ್ಯಾಬು.

ಗುಂಯ್ ಎಂದು ಸದ್ದು ಏಳತೊಡಗಿತು. ಅದು ನನ್ನ ಅಂಗಾಲಿನಿಂದ ಮೊಣಕಾಲಿಗೆ ಹತ್ತಿತು. ಟರ್‌ರ್ ಎಂದಿತು ಮೇಲಿನ ಬೋಲ್ಟು. ಅದರ ಕೆಳಗೆ ಮೂರನೇ ಸಾಲಿನ ಕುರ್ಚಿಗಳು, ಇನ್ನೂ ಪ್ಲಾಸ್ಟಿಕ್ ಹೊದಿಕೆ ತೆಗೆದಿರಲಿಲ್ಲ. ನಾಲ್ಕು ದಿನ ಬಿಟ್ಟರೆ ಅಲ್ಲಿ ಯಾರೋ ಮಕ್ಕಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಕೂತಿರುತ್ತಾರೆ.

ಗೋಡೆಯ ಕಡೆಯಿಂದ ಯಾರೋ ಕೆಮ್ಮಿದರು.

"ಹಿನ್ನೆಲೆಯಲ್ಲಿ ಸದ್ದು ಇದೆ. ಮತ್ತೊಮ್ಮೆ ಅಳೆಯೋಣ."

ನಾನು ತಿರುಗಿ ನೋಡಿದೆ. ಒಂಟೆ ನೆಟ್ಟಗೆ ನಿಂತಿದ್ದ. ಅವನಿಗೆ ಕೆಮ್ಮಿಲ್ಲ, ಮೇಲೆ ಹತ್ತುವವರಿಗೆ ಕೆಮ್ಮಿದ್ದರೆ ನಡೆಯುವುದಿಲ್ಲ. ಮುಖ ಬೆವರಿತ್ತು.

"ಯಾವನೋ ಅದು?" ಇಂಜಿನಿಯರು ಕೂಗಿದ. ಮತ್ತೆ ಬೆರಳು ಒತ್ತಿದ. ಮತ್ತೆ ಗುಂಯ್ ಎಂದಿತು. ಈ ಸಲ ಕೆಮ್ಮಿದ್ದು ನಾನು, ಪೆನ್ಸಿಲ್ ಮೈಕಿನ ಮೂತಿಗೇ. ಕೆಟ್ಟ ಬಾಕ್ಸಿನ ಬಾಯಿಗೆ ಗುನುಗುತ್ತಿದ್ದ ಹಾಗೆ, ಹತ್ತಿರ ಬಗ್ಗಿ, ಗಂಟಲು ಬಿಟ್ಟು ಕೆಮ್ಮಿದೆ.

"ಹಿನ್ನೆಲೆಯಲ್ಲಿ ಸದ್ದು ಇದೆ."

ಮೂರನೇ ಸಲ ಲಾರಿ ಡ್ರೈವರು ಕೆಮ್ಮಿದ. ನಾಲ್ಕನೇ ಸಲ ವೈರು ಸುತ್ತುವವರಿಬ್ಬರು. ಐದನೇ ಸಲ ಯಾರು ಎಂದು ಹೇಳುವಂತಿರಲಿಲ್ಲ, ಗೋಡೆಯುದ್ದಕ್ಕೂ ಕೆಮ್ಮು. ಕೆಲವರು ಕೆಮ್ಮಲು ಬಾರದೆ ಆಕಳಿಸಿದ ಹಾಗೆ ಮಾಡಿದರು, ಒಬ್ಬ ಸೀನಿದ. ನಗಬಾರದು ಎಂದುಕೊಂಡರೂ ನಗು ಬರುತ್ತಿತ್ತು.

ಅಧ್ಯಕ್ಷರು ಎದ್ದು ನಿಂತರು. "ಏನ್ರೀ ಇದು? ಎಲ್ರಿಗೂ ಒಟ್ಟಿಗೇ ಕಾಯಿಲೇನಾ?"

"ಸಾಲು ಇಳಿಸಿ ಸ್ವಾಮಿ" ಎಂದೆ. "ಏಳನೇ ಬಾಕ್ಸು ಬಿಚ್ಚಿ ತೋರಿಸ್ಲಿ. ಕಾಯಿಲ್ ಉಜ್ಜಿದ್ರೆ ನಾವೆಲ್ರೂ ಚಪ್ಪಲೀಲಿ ಹೊಡಿಸ್ಕೊಳ್ತೀವಿ. ಅಲ್ಲೀವರ್ಗೂ ಈ ಕೆಮ್ಮು ವಾಸಿಯಾಗಲ್ಲ."

"ಹಲ್ಕಟ್ ನನ್ಮಕ್ಳಾ!" ಧಣಿ ವೇದಿಕೆಗೆ ಹತ್ತಿದ. ಕೆಮ್ಮಿನ ನಡುವೆ ಅವನ ಮಾತು ಅವನಿಗೇ ಕೇಳಿಸುತ್ತಿರಲಿಲ್ಲ. "ಏಯ್ ಇಂಜಿನಿಯರ್, ಮೈಕ್ ಆನ್ ಮಾಡ್ರೀ! ಒಬ್ಬೊಬ್ಬನ್ನೂ ಒದ್ದು ಆಚೆಗ್ ಹಾಕ್ತೀನಿ! ನಿಮ್ಮಂಥ ನೂರು ಜನ ಬೀದೀಲಿ ಬಿದ್ದಿದಾರೆ!"

ಮೈಕಿನಲ್ಲಿ ಅವನ ಕೀಚಲು ದನಿ ಸಭಾಂಗಣವೆಲ್ಲ ಹರಡಿತು. ಇಂಜಿನಿಯರ ತೊಡೆಯ ಮೇಲೆ ಟ್ಯಾಬು ಹೇಳುತ್ತಲೇ ಇತ್ತು: "ಹಿನ್ನೆಲೆಯಲ್ಲಿ ಸದ್ದು ಇದೆ. ದಯವಿಟ್ಟು ಮೌನವಾಗಿರಿ."

"ಮೊದ್ಲು ನಿನ್ನ, ಒಂಟೆ! ನಿನ್ನ ಕಾಲು ಮುರೀತೀನಿ!" ಎಂದು ಮೈಕನ್ನು ಹಾಗೇ ಬಿಟ್ಟು ಕೆಳಗಿಳಿದ. ಅಧ್ಯಕ್ಷರೂ ಅವನನ್ನು ತಡೆಯಲು ಹಿಂದೆಯೇ ಬಂದರು. ಗೋಡೆಯ ಕಡೆ ಹೋಗಲು ಮೂರನೇ ಸಾಲಿನ ಮುಂದೆಯೇ, ಆ ಬೋಲ್ಟಿನ ಕೆಳಗೇ ಹಾಯಬೇಕು. ಅಲ್ಲಿಯೇ ಒಂಟೆ ಅವನಿಗೆ ಎದುರಾದ. ಓಡಲಿಲ್ಲ. ಧಣಿ ಅವನ ಕೊರಳಪಟ್ಟಿ ಹಿಡಿದ. ಹಿಡಿಯಲು ಎಟುಕದೆ ತುದಿಗಾಲಲ್ಲಿ ನಿಂತಿದ್ದ.

ಹಿಂದಿನ ಬಾಗಿಲು ತೆರೆದು ಬಿಸಿಲು ಒಳಗೆ ಬಿತ್ತು. ಅಕ್ಕ ಬಂದಳು. ಒಳಗಿನ ಕೆಮ್ಮು ಹೊರಗೂ ಕೇಳಿಸಿರಬೇಕು. ಯಾರನ್ನೂ ನೋಡದೆ, ಚೀಲ ಹೆಗಲಿಗೆ ಹಾಕಿಕೊಂಡು, ಬದಿಯ ಮೆಟ್ಟಿಲಿನಿಂದ ವೇದಿಕೆ ಹತ್ತಿದಳು. ಬೆಳಿಗ್ಗೆ ತಪ್ಪೊಪ್ಪಿಕೊಂಡ ಅದೇ ಮೈಕಿನ ಮುಂದೆ ನಿಂತಳು. ಬಾಯಿಯ ಬಟ್ಟೆ ತೆಗೆದಳು.

ಅವಳು ಕೆಮ್ಮಿದಳು. ನಮ್ಮೆಲ್ಲರದು ನಟನೆ, ಅವಳದು ನಿಜ. ಎದೆಯ ತಳದಿಂದ ಎದ್ದು ಬಂದ ಆ ಸದ್ದಿಗೆ ಎಡಗಡೆ ಸಾಲು ಇಡಿಯಾಗಿ ಗುಂಯ್ ಎಂದಿತು, ಮೇಲೆ ಬೋಲ್ಟು ಟರ್‌ರ್ ಎಂದು ಹಲ್ಲು ಕಡಿಯಿತು. ಎಲ್ಲರಿಗೂ ಕೇಳಿಸಿತು.

ಆಗ ಧಣಿ ಒಂಟೆಯ ಕೊರಳಪಟ್ಟಿ ಬಿಟ್ಟು ನಾಲ್ಕು ಹೆಜ್ಜೆ ಹಿಂದಕ್ಕೆ ಹಾರಿದ. ಮೇಲೆ ನೋಡಲಿಲ್ಲ. ಸದ್ದು ಎಲ್ಲಿಂದ ಬಂತೆಂದು ನಾನೂ ಒಂಟೆಯೂ ಬಿಟ್ಟು ಉಳಿದವರೆಲ್ಲ ಇನ್ನೂ ಕತ್ತೆತ್ತುತ್ತಿದ್ದರು. ಎಲ್ಲಿ ನಿಂತರೆ ತಲೆ ಉಳಿಯುತ್ತದೆ ಎಂಬುದು ಅವನಿಗೆ ನೋಡದೆಯೇ ಗೊತ್ತಿತ್ತು.

ಅಧ್ಯಕ್ಷರು ಅವನನ್ನು ನೋಡಿದರು. ಅವನು ಬಿಟ್ಟು ಹೋದ ಜಾಗವನ್ನು ನೋಡಿದರು. ನಿಧಾನವಾಗಿ ತಲೆಯೆತ್ತಿ ಏಳನೇ ಬಾಕ್ಸನ್ನು ನೋಡಿ, ತಾವೂ ಹಿಂದಕ್ಕೆ ಸರಿದರು.

"ಹಿನ್ನೆಲೆಯಲ್ಲಿ ಸದ್ದು ಇದೆ" ಎಂದಿತು ಟ್ಯಾಬು. ಇಂಜಿನಿಯರು ಅದನ್ನು ಮಗುಚಿ ಹಾಕಿದ.

ಒಂಟೆ ಅಂಗಿಯ ಕೊರಳು ಸರಿಮಾಡಿಕೊಂಡ. ವೇದಿಕೆಯ ಪಕ್ಕ ಇಳಿಬಿದ್ದಿದ್ದ ಪುಲ್ಲಿಯ ಸರಪಳಿಯ ಕಡೆ ನಡೆದ. ನಾನೂ ಮೈಕಿನ ಸ್ಟ್ಯಾಂಡು ಬಿಟ್ಟು ಅವನ ಹಿಂದೆ ಹೋದೆ. ಬಿಟ್ಟ ಸ್ಟ್ಯಾಂಡು ಉರುಳಿತೋ ಏನೋ, ತಿರುಗಿ ನೋಡಲಿಲ್ಲ.

"ಏಯ್, ಮುಟ್ಬೇಡ! ಸರಪಳಿ ಮುಟ್ಟಿದ್ರೆ ಕೈ ಕಡೀತೀನಿ!" ಅಷ್ಟರಲ್ಲಿ ಎಂಟನೇ ಸಾಲಿನವರೆಗೆ ಹಿಂದೆ ಸರಿದಿದ್ದ ಧಣಿ ಕೂಗಿದ. ಅಲ್ಲಿಂದ ಒಂದು ಹೆಜ್ಜೆಯೂ ಮುಂದೆ ಬರಲಿಲ್ಲ.

ನಾವು ಸರಪಳಿ ಹಿಡಿದೆವು. ಕರಕರ ಎಂದು ಮೊದಲ ಕೊಂಡಿ ಹೊರಳಿತು. ವೇದಿಕೆಯ ಮೇಲೆ ಅಕ್ಕ ಮೈಕು ಬಿಟ್ಟು ಕದಲಿರಲಿಲ್ಲ. ಚೀಲದಿಂದ ಬ್ಲೇಡು ತೆಗೆದು ಕೈಯಲ್ಲಿ ಹಿಡಿದುಕೊಂಡು, ಬಾಕ್ಸು ಕೆಳಗೆ ಬರುವುದನ್ನು ಕಾಯುತ್ತ ಮತ್ತೊಂದು ಕೆಮ್ಮಿಗೆ ಉಸಿರು ಎಳೆದುಕೊಳ್ಳುತ್ತಿದ್ದಳು.